ಹಲಾಯುಧ

ಹಲಾಯುಧ ಅಥವಾ ಭಟ್ಟ ಹಲಾಯುಧನು ಕ್ರಿ.ಶ. 10ನೆಯ ಶತಮಾನದ ಸಂಸ್ಕೃತ ಕೋಶಕಾರ, ವೈಯಾಕರಣ ಹಾಗೂ ಛಂದಶ್ಶಾಸ್ತ್ರಜ್ಞ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ (ಆಳ್ವಿಕೆ 939–967) ಆಶ್ರಯದಲ್ಲಿದ್ದು, ಮುಂದೆ ಮಾಳವದ ಪರಮಾರ ದೊರೆ ವಾಕ್ಪತಿ ಮುಂಜನ ಆಶ್ರಯವನ್ನು ಪಡೆದವನು. ಅಭಿಧಾನರತ್ನಮಾಲಾ ಎಂಬ ನಿಘಂಟು, ಕವಿರಹಸ್ಯ ಎಂಬ ವ್ಯಾಕರಣಕಾವ್ಯ ಮತ್ತು ಪಿಂಗಲನ ಛಂದಸ್ಸೂತ್ರಗಳಿಗೆ ಬರೆದ ಮೃತಸಂಜೀವಿನೀ ಎಂಬ ವ್ಯಾಖ್ಯಾನ ಇವನ ಮುಖ್ಯ ಕೃತಿಗಳು. ಅಭಿಧಾನರತ್ನಮಾಲೆಗೆ ಹಳಗನ್ನಡದ ಟೀಕೆಯೊಂದು ದೊರೆತಿರುವುದರಿಂದ ಕನ್ನಡ ನಿಘಂಟುಗಳ ಇತಿಹಾಸದಲ್ಲಿಯೂ ಹಲಾಯುಧನಿಗೆ ವಿಶಿಷ್ಟ ಸ್ಥಾನವಿದೆ.

ಹೆಸರು

ಹಲಾಯುಧ ಎಂದರೆ ನೇಗಿಲನ್ನು ಆಯುಧವಾಗಿ ಉಳ್ಳವನು ಎಂದರ್ಥ. ಇದು ಬಲರಾಮನ ಹೆಸರುಗಳಲ್ಲೊಂದು. ಸಂಸ್ಕೃತ ಸಾಹಿತ್ಯದಲ್ಲಿ ಈ ಹೆಸರಿನ ಅನೇಕರು ಕಂಡುಬರುತ್ತಾರೆ. ಬ್ರಾಹ್ಮಣಸರ್ವಸ್ವ ಎಂಬ ಧರ್ಮಶಾಸ್ತ್ರ ಗ್ರಂಥವನ್ನು ಬರೆದ ಹಲಾಯುಧನು 12ನೆಯ ಶತಮಾನದವನು. ಬಂಗಾಳದ ಲಕ್ಷ್ಮಣಸೇನನ ಆಸ್ಥಾನದಲ್ಲಿ ಅಧಿಕಾರಿಯಾಗಿದ್ದವನು. ಕೋಶಕಾರ ಹಲಾಯುಧನು ಅವನಿಗಿಂತ ಸುಮಾರು ಎರಡು ಶತಮಾನ ಹಿಂದಿನವನು. ನರ್ಮದಾ ತೀರದ ಮಾಂಧಾತಾ ಕ್ಷೇತ್ರದ ಅಮರೇಶ್ವರ ದೇವಾಲಯದಲ್ಲಿ ಹಲಾಯುಧನೆಂಬ ಕವಿಯ ಶಿವಸ್ತೋತ್ರವೊಂದನ್ನು 1063ರಲ್ಲಿ ಕಲ್ಲಿನ ಮೇಲೆ ಕೆತ್ತಲಾಗಿದೆ.

ಅಭಿಧಾನರತ್ನಮಾಲಾ, ಕವಿರಹಸ್ಯ ಮತ್ತು ಮೃತಸಂಜೀವಿನೀ ಈ ಮೂರೂ ಕೃತಿಗಳ ಕರ್ತೃ ಒಬ್ಬನೇ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹಲಾಯುಧನ ಜೀವನದ ರೂಪರೇಖೆಯು ಈ ಕೃತಿಗಳಲ್ಲಿ ಹೆಸರಿಸಲ್ಪಟ್ಟ ದೊರೆಗಳು ಹಾಗೂ ಆ ದೊರೆಗಳ ಶಾಸನಗಳ ಆಧಾರದಿಂದ ರೂಪುಗೊಂಡಿದೆ.

ಹಿನ್ನೆಲೆ

ಭಾರತದಲ್ಲಿ ಪದಗಳನ್ನು ಸಂಗ್ರಹಿಸಿ ಅರ್ಥ ಹೇಳುವ ಶಾಸ್ತ್ರವು ವೇದಾಧ್ಯಯನದೊಂದಿಗೆ ಹುಟ್ಟಿತು. ವೇದದಲ್ಲಿ ಬರುವ ಕಠಿಣ ಪದಗಳ ಪಟ್ಟಿಗೆ ನಿಘಂಟು ಎಂದು ಹೆಸರು. ಐದು ಅಧ್ಯಾಯಗಳ ಈ ಪಟ್ಟಿಗೆ ಯಾಸ್ಕನು ಬರೆದ ವಿವರಣೆಯೇ ನಿರುಕ್ತ. ವೈದಿಕ ನಿಘಂಟುವಿನ ಉದ್ದೇಶ ಮಂತ್ರಗಳ ಅರ್ಥವನ್ನು ತಿಳಿಸುವುದಾಗಿತ್ತು. ಅನಂತರ ಹುಟ್ಟಿದ ಲೌಕಿಕ ಸಂಸ್ಕೃತದ ಕೋಶಗಳ ಉದ್ದೇಶ ಬೇರೆ: ಅವು ಮುಖ್ಯವಾಗಿ ಕಾವ್ಯ ಬರೆಯುವವರಿಗೂ ಓದುವವರಿಗೂ ರಚಿತವಾದವು. ಇವುಗಳಲ್ಲಿ ಅಮರಸಿಂಹನ ನಾಮಲಿಂಗಾನುಶಾಸನವು ಅತ್ಯಂತ ಪ್ರಸಿದ್ಧವಾಗಿ ಅಮರಕೋಶವೆಂದೇ ಹೆಸರಾಯಿತು.

ಈ ಕೋಶಗಳು ಇಂದಿನ ನಿಘಂಟುಗಳಂತೆ ಅಕಾರಾದಿ ಕ್ರಮದಲ್ಲಿ ಇರುವುದಿಲ್ಲ. ಅವು ಪದ್ಯರೂಪದಲ್ಲಿದ್ದು ವಿಷಯಾನುಸಾರವಾಗಿ ವಿಂಗಡಿಸಲ್ಪಟ್ಟಿರುತ್ತವೆ. ಪುಸ್ತಕ ತೆರೆದು ಪದ ಹುಡುಕುವುದಕ್ಕಿಂತ ಬಾಲ್ಯದಲ್ಲಿಯೇ ಕಂಠಪಾಠ ಮಾಡಿ ನೆನಪಿನಲ್ಲಿ ಇರಿಸಿಕೊಳ್ಳುವುದು ಇವುಗಳ ಬಳಕೆಯ ಕ್ರಮ. ಒಂದೇ ಅರ್ಥದ ಅನೇಕ ಪದಗಳನ್ನು ಹೇಳುವ ಸಮಾನಾರ್ಥಕ ಭಾಗ ಮತ್ತು ಒಂದೇ ಪದದ ಅನೇಕ ಅರ್ಥಗಳನ್ನು ಹೇಳುವ ನಾನಾರ್ಥ ಭಾಗ ಎಂದು ಇವುಗಳಲ್ಲಿ ಎರಡು ಬಗೆ. ಉದಾಹರಣೆಗೆ ಜಲ, ನೀರ, ತೋಯ, ವಾರಿ, ಉದಕ, ಸಲಿಲ ಇವು ಸಮಾನಾರ್ಥಕಗಳು. ಹರಿ ಎಂಬ ಒಂದೇ ಪದವು ವಿಷ್ಣು, ಇಂದ್ರ, ಸೂರ್ಯ, ಸಿಂಹ, ಕಪಿ, ಕುದುರೆ, ಕಪ್ಪೆ ಮೊದಲಾದ ಅರ್ಥಗಳಲ್ಲಿ ಬರುವುದು ನಾನಾರ್ಥಕ್ಕೆ ನಿದರ್ಶನ.

ಮಾನ್ಯಖೇಟದಲ್ಲಿ

ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದಲ್ಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕವಿರಾಜಮಾರ್ಗದ ಕಾಲದ ದೊರೆಯಾದ ಅಮೋಘವರ್ಷ ನೃಪತುಂಗನು ಇದನ್ನು ರಾಜಧಾನಿಯಾಗಿ ಬೆಳೆಸಿದನು. 939ರಲ್ಲಿ ಪಟ್ಟಕ್ಕೆ ಬಂದ ಮೂರನೆಯ ಕೃಷ್ಣನ ಕಾಲದಲ್ಲಿ ರಾಷ್ಟ್ರಕೂಟರ ಪ್ರಭಾವ ಮತ್ತೊಮ್ಮೆ ವಿಸ್ತರಿಸಿತು. 949ರ ತಕ್ಕೋಲಂ ಯುದ್ಧದಲ್ಲಿ ಅವನು ಚೋಳರನ್ನು ಸೋಲಿಸಿದನು. ಉತ್ತರದಲ್ಲಿ ಇಂದಿನ ಮಧ್ಯಪ್ರದೇಶದ ಜೂರಾ ಎಂಬಲ್ಲಿ ಅವನನ್ನು ಹೊಗಳುವ ಕನ್ನಡ ಶಾಸನ ದೊರೆತಿದೆ.

ಈ ಕಾಲದಲ್ಲಿ ಒಂದೇ ಸಾಮ್ರಾಜ್ಯದ ನೆರಳಿನಲ್ಲಿ ಹಲವು ಭಾಷೆಗಳ ಸಾಹಿತ್ಯ ಬೆಳೆಯಿತು. ಕನ್ನಡದ ಪೊನ್ನನು ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದನು. ರಾಷ್ಟ್ರಕೂಟರ ಸಾಮಂತರಾದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ ಪಂಪನು ಕನ್ನಡದಲ್ಲಿಯೂ ಸೋಮದೇವಸೂರಿಯು ಸಂಸ್ಕೃತದಲ್ಲಿಯೂ ಕೃತಿ ರಚಿಸಿದರು. ಮಾನ್ಯಖೇಟದಲ್ಲಿಯೇ ಇದ್ದ ಪುಷ್ಪದಂತನು ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣವನ್ನು ಬರೆದನು. ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ವಿದ್ಯಾಶಾಲೆಯನ್ನು ಕಟ್ಟಿಸಿದುದನ್ನು 945ರ ಶಾಸನ ತಿಳಿಸುತ್ತದೆ. ಬೇರೆ ಬೇರೆ ನಾಡುಗಳಿಂದ ಬಂದು ಅಲ್ಲಿ ನೆಲೆಸುತ್ತಿದ್ದ ವಿದ್ಯಾರ್ಥಿಗಳಿಗಾಗಿ 27 ವಸತಿಗೃಹಗಳಿದ್ದವು.

ಹಲಾಯುಧನ ಕವಿರಹಸ್ಯದ ನಾಯಕ ಕೃಷ್ಣರಾಜನೆಂಬ ದೊರೆ. ಅವನನ್ನು ರಾಷ್ಟ್ರಕೂಟ ಕುಲದವನು, ಚಂದ್ರವಂಶದವನು ಮತ್ತು ದಕ್ಷಿಣಾಪಥದ ಒಡೆಯನು ಎಂದು ಕಾವ್ಯವು ವರ್ಣಿಸುತ್ತದೆ. ಈತನೇ ಮೂರನೆಯ ಕೃಷ್ಣನೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಅಭಿಧಾನರತ್ನಮಾಲೆಯ ರಚನೆಯ ಕಾಲವನ್ನೂ ಸುಮಾರು 950 ಎಂದು ಹೇಳುತ್ತಾರೆ.

ಮಾನ್ಯಖೇಟದ ಪತನ

ಮಾಳವದ ಪರಮಾರರು ಮೊದಲಿಗೆ ರಾಷ್ಟ್ರಕೂಟರ ಅಧೀನದಲ್ಲಿದ್ದವರು. 949ರ ಹರಸೋಲ ತಾಮ್ರಶಾಸನದಲ್ಲಿ ಪರಮಾರ ಸೀಯಕನು ರಾಷ್ಟ್ರಕೂಟ ದೊರೆಗಳ ಹೆಸರನ್ನು ಗೌರವದಿಂದ ಹೇಳಿದ್ದಾನೆ. ಮೂರನೆಯ ಕೃಷ್ಣನ ಮರಣಾನಂತರ ಅವನ ತಮ್ಮ ಖೊಟ್ಟಿಗನು ಪಟ್ಟಕ್ಕೆ ಬಂದಾಗ ಸೀಯಕನು ತಿರುಗಿಬಿದ್ದನು. ನರ್ಮದಾ ತೀರದ ಯುದ್ಧದಲ್ಲಿ ಗೆದ್ದು ದಕ್ಷಿಣಕ್ಕೆ ಬಂದು, 972ರ ಸುಮಾರಿಗೆ ಮಾನ್ಯಖೇಟವನ್ನು ಕೊಳ್ಳೆ ಹೊಡೆದನು. ಮರುವರ್ಷ 973ರಲ್ಲಿ ಚಾಲುಕ್ಯ ಎರಡನೆಯ ತೈಲಪನು ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗೊಳಿಸಿದನು. ಪುಷ್ಪದಂತನ ಹೆಸರಿನಲ್ಲಿ ಉಳಿದಿರುವ ಪದ್ಯವೊಂದು ಸುಟ್ಟು ಹಾಳಾದ ನಗರದಲ್ಲಿ ಕವಿಯು ಇನ್ನು ಎಲ್ಲಿ ನೆಲೆಸಬೇಕೆಂದು ಮರುಗುತ್ತದೆ.

ಈ ಘಟನೆಯ ಕಾಲವು ಇತಿಹಾಸಕಾರರಿಗೆ ಖಚಿತವಾಗಿ ತಿಳಿದದ್ದು ಮತ್ತೊಂದು ನಿಘಂಟುವಿನಿಂದ. ಧನಪಾಲನೆಂಬ ಕವಿಯು ಧಾರಾನಗರದಲ್ಲಿ ತನ್ನ ತಂಗಿ ಸುಂದರಿಗಾಗಿ ಪಾಇಅಲಚ್ಛೀನಾಮಮಾಲಾ ಎಂಬ ಪ್ರಾಕೃತ ಕೋಶವನ್ನು ರಚಿಸಿದನು. ವಿಕ್ರಮ ಸಂವತ್ 1029ರಲ್ಲಿ, ಮಾಳವದ ಒಡೆಯನ ದಾಳಿಯಿಂದ ಮಾನ್ಯಖೇಟವು ಲೂಟಿಯಾದ ಸಮಯದಲ್ಲಿ, ತಾನು ಈ ಕೋಶವನ್ನು ಬರೆದುದಾಗಿ ಅವನು ಗ್ರಂಥದ ಕೊನೆಯಲ್ಲಿ ತಿಳಿಸಿದ್ದಾನೆ. ಹೀಗೆ ದಾಳಿಗೊಳಗಾದ ನಗರದ ದೊರೆಯ ಆಶ್ರಯದಲ್ಲಿ ಒಬ್ಬ ಕೋಶಕಾರನೂ, ದಾಳಿ ಮಾಡಿದವರ ನಗರದಲ್ಲಿ ಮತ್ತೊಬ್ಬ ಕೋಶಕಾರನೂ ಒಂದೇ ಶಾಸ್ತ್ರದಲ್ಲಿ ತೊಡಗಿದ್ದರು.

ಮುಂಜನ ಆಶ್ರಯ

ಸೀಯಕನ ನಂತರ ಮಾಳವವನ್ನು ಆಳಿದ ವಾಕ್ಪತಿ ಮುಂಜನು ಸ್ವತಃ ಕವಿ ಹಾಗೂ ವಿದ್ವಾಂಸರಿಗೆ ಆಶ್ರಯದಾತ. ನವಸಾಹಸಾಂಕಚರಿತದ ಕವಿ ಪದ್ಮಗುಪ್ತ, ದಶರೂಪಕವನ್ನು ಬರೆದ ಧನಂಜಯ, ಅದಕ್ಕೆ ವ್ಯಾಖ್ಯಾನ ಬರೆದ ಧನಿಕ ಮತ್ತು ಕೋಶಕಾರ ಧನಪಾಲ ಮೊದಲಾದವರು ಅವನ ಆಶ್ರಯದಲ್ಲಿದ್ದರು. ಹಲಾಯುಧನ ಮೃತಸಂಜೀವಿನಿಯಲ್ಲಿ ಛಂದಸ್ಸುಗಳಿಗೆ ಉದಾಹರಣೆಯಾಗಿ ಬರುವ ಕೆಲವು ಪದ್ಯಗಳು ಮುಂಜನನ್ನು ಸ್ತುತಿಸುತ್ತವೆ. ಇದರಿಂದ ಮಾನ್ಯಖೇಟದ ವೈಭವ ಅಳಿದ ಮೇಲೆ ಹಲಾಯುಧನು ಮಾಳವಕ್ಕೆ ತೆರಳಿದನೆಂದು ತಿಳಿಯಲಾಗಿದೆ. ಅವನ ಹಿಂದಿನ ಆಶ್ರಯದಾತನ ರಾಜಧಾನಿಯನ್ನು ಸೂರೆಗೊಂಡವನ ಉತ್ತರಾಧಿಕಾರಿಯೇ ಅವನ ಹೊಸ ಆಶ್ರಯದಾತನಾದನು.

ಮುಂಜನು ತನ್ನ ದಾನಶಾಸನಗಳಲ್ಲಿ ಅಮೋಘವರ್ಷ, ಪೃಥ್ವೀವಲ್ಲಭ, ಶ್ರೀವಲ್ಲಭ ಎಂಬ ಬಿರುದುಗಳನ್ನು ಬಳಸಿದ್ದಾನೆ. ಇವು ರಾಷ್ಟ್ರಕೂಟ ಚಕ್ರವರ್ತಿಗಳು ಧರಿಸುತ್ತಿದ್ದ ಬಿರುದುಗಳು. ಗೆದ್ದ ರಾಜಮನೆತನವು ಸೋತವರ ಸಂಪತ್ತಿನೊಂದಿಗೆ ಅವರ ಬಿರುದುಗಳನ್ನೂ ತನ್ನದಾಗಿಸಿಕೊಂಡಿತು. ಅವರ ಆಶ್ರಯದಲ್ಲಿದ್ದ ವಿದ್ಯೆಗೂ ಅಲ್ಲಿ ಮನ್ನಣೆ ದೊರೆಯಿತು. ಮುಂಜನು ಚಾಲುಕ್ಯ ತೈಲಪನೊಂದಿಗೆ ನಡೆದ ಯುದ್ಧಗಳಲ್ಲಿ ಕೊನೆಗೆ ಸೆರೆಸಿಕ್ಕಿ 10ನೆಯ ಶತಮಾನದ ಅಂತ್ಯದ ವೇಳೆಗೆ ಹತನಾದನು.

ಕೃತಿಗಳು

ಅಭಿಧಾನರತ್ನಮಾಲಾ

ಹಲಾಯುಧಕೋಶ ಎಂದೂ ಹೆಸರಾದ ಈ ನಿಘಂಟುವಿನಲ್ಲಿ ಸುಮಾರು 900 ಶ್ಲೋಕಗಳಿವೆ. ಅಮರದತ್ತ, ವರರುಚಿ, ಭಾಗುರಿ, ವೋಪಾಲಿತ ಮೊದಲಾದವರ ಶಾಸ್ತ್ರಗಳಿಂದ ಪದಗಳನ್ನು ಆರಿಸಿ, ಕವಿಗಳ ಕಂಠಕ್ಕೆ ಆಭರಣವಾಗಲೆಂದು ಈ ಮಾಲೆಯನ್ನು ಹೆಣೆದುದಾಗಿ ಕೋಶಕಾರನು ಆರಂಭದಲ್ಲಿಯೇ ಹೇಳಿದ್ದಾನೆ. ಕಂಠ ಎಂಬ ಪದಕ್ಕೆ ಕೊರಳು ಎಂಬ ಅರ್ಥದೊಂದಿಗೆ ಕಂಠಪಾಠದ ಸೂಚನೆಯೂ ಇಲ್ಲಿ ಸೇರಿಕೊಂಡಿದೆ. ಈ ಪಟ್ಟಿಯಿಂದ ಅಮರಕೋಶದ ಹೊರತಾಗಿ ಬೇರೆ ಕೋಶಗಳ ಪರಂಪರೆಯೂ ಆ ಕಾಲದಲ್ಲಿ ಜೀವಂತವಾಗಿದ್ದುದು ತಿಳಿಯುತ್ತದೆ.

ಕೋಶದಲ್ಲಿ ಐದು ಕಾಂಡಗಳಿವೆ: ಸ್ವರ್ಗಕಾಂಡ, ಭೂಮಿಕಾಂಡ, ಪಾತಾಲಕಾಂಡ, ಸಾಮಾನ್ಯಕಾಂಡ ಮತ್ತು ಅನೇಕಾರ್ಥಕಾಂಡ. ಮೊದಲ ನಾಲ್ಕು ಕಾಂಡಗಳು ಸಮಾನಾರ್ಥಕ ಪದಗಳನ್ನು ಹೇಳುತ್ತವೆ. ಕೊನೆಯ ಕಾಂಡವು ನಾನಾರ್ಥ ಪದಗಳನ್ನೂ ಅವ್ಯಯಗಳನ್ನೂ ಒಳಗೊಂಡಿದೆ. ಅಮರಕೋಶವು ಬಹುತೇಕ ಅನುಷ್ಟುಪ್ ಛಂದಸ್ಸಿನಲ್ಲಿದ್ದರೆ ಅಭಿಧಾನರತ್ನಮಾಲೆಯಲ್ಲಿ ವಿವಿಧ ವೃತ್ತಗಳು ಬಳಕೆಯಾಗಿವೆ. ಪದಗಳ ಲಿಂಗವನ್ನು ಮುಖ್ಯವಾಗಿ ಆಯಾ ಪದದ ರೂಪಭೇದದಿಂದಲೇ ತಿಳಿಯಬೇಕಾಗುತ್ತದೆ.

ಕವಿಗೆ ಇಂತಹ ಕೋಶದಿಂದ ಆಗುವ ಉಪಯೋಗ ಎರಡು ಬಗೆಯದು. ಮೊದಲನೆಯದು ಪದರಚನೆ. ನೀರಿಗೆ ಸಲ್ಲುವ ಪದ ತಿಳಿದಿದ್ದರೆ ವಾರಿಜ, ಜಲಜ ಎಂದು ತಾವರೆಗೂ, ವಾರಿದ, ಜಲದ ಎಂದು ಮೋಡಕ್ಕೂ, ವಾರಿಧಿ, ಜಲಧಿ ಎಂದು ಕಡಲಿಗೂ ಹೆಸರುಗಳನ್ನು ಕಟ್ಟಿಕೊಳ್ಳಬಹುದು. ಎರಡನೆಯದು ಛಂದಸ್ಸಿಗೆ ಹೊಂದುವ ಪದದ ಆಯ್ಕೆ. ಎರಡು ಲಘುಗಳು ಬೇಕಾದ ಕಡೆ ಜಲ, ಒಂದು ಗುರು ಒಂದು ಲಘು ಬೇಕಾದ ಕಡೆ ತೋಯ ಅಥವಾ ನೀರ, ಮೂರು ಲಘುಗಳು ಬೇಕಾದ ಕಡೆ ಸಲಿಲ ಅಥವಾ ಉದಕ ಎಂಬ ಪದವನ್ನು ಕವಿ ಆರಿಸಿಕೊಳ್ಳಬಹುದು.

ಕವಿರಹಸ್ಯ

ಕವಿಗುಹ್ಯ ಎಂದೂ ಕರೆಯಲಾಗುವ ಈ ಕೃತಿಯು ಮೇಲ್ನೋಟಕ್ಕೆ ರಾಜಸ್ತುತಿ, ಒಳಗೆ ಧಾತುಗಳ ಪಾಠ. ಸಂಸ್ಕೃತದಲ್ಲಿ ಒಂದೇ ರೂಪದ ಧಾತುವು ಬೇರೆ ಬೇರೆ ಗಣಗಳಲ್ಲಿ ಸೇರಿ ಬೇರೆ ಬೇರೆ ಅರ್ಥವನ್ನು ಕೊಡುವುದುಂಟು. ವಿದ್ ಎಂಬ ಧಾತುವು ವೇತ್ತಿ ಎಂದಾದಾಗ ತಿಳಿಯುತ್ತಾನೆ ಎಂದೂ, ವಿದ್ಯತೇ ಎಂದಾದಾಗ ಇದೆ ಎಂದೂ, ವಿಂದತಿ ಎಂದಾದಾಗ ಪಡೆಯುತ್ತಾನೆ ಎಂದೂ, ವಿಂತೇ ಎಂದಾದಾಗ ವಿಚಾರಿಸುತ್ತಾನೆ ಎಂದೂ ಅರ್ಥವಾಗುವುದು ಇದಕ್ಕೆ ಸಾಮಾನ್ಯ ಉದಾಹರಣೆ. ಇಂತಹ ಧಾತುಗಳ ವರ್ತಮಾನಕಾಲದ ರೂಪಗಳನ್ನು ಕೃಷ್ಣರಾಜನ ಗುಣವರ್ಣನೆಯ ಪದ್ಯಗಳಲ್ಲಿ ಅಳವಡಿಸಿ ಹಲಾಯುಧನು ವಿದ್ಯಾರ್ಥಿಗಳಿಗೆ ನೆನಪಿನ ದಾರಿಯೊಂದನ್ನು ಮಾಡಿಕೊಟ್ಟಿದ್ದಾನೆ. ಕೋಶವು ನಾಮಪದಗಳನ್ನು ಕಲಿಸಿದರೆ ಕವಿರಹಸ್ಯವು ಕ್ರಿಯಾಪದಗಳನ್ನು ಕಲಿಸುತ್ತದೆ. ಈ ಕಾವ್ಯದ ಎರಡು ಪಾಠಪರಂಪರೆಗಳು ಲಭ್ಯವಾಗಿವೆ.

ಮೃತಸಂಜೀವಿನೀ

ಪಿಂಗಲನ ಛಂದಸ್ಸೂತ್ರವು ಎಂಟು ಅಧ್ಯಾಯಗಳ ಪ್ರಾಚೀನ ಗ್ರಂಥ. ಅದರ ಸೂತ್ರಗಳು ಅತಿ ಸಂಕ್ಷಿಪ್ತವಾಗಿದ್ದು ವ್ಯಾಖ್ಯಾನವಿಲ್ಲದೆ ಅರ್ಥವಾಗುವುದು ಕಷ್ಟ. ಹಲಾಯುಧನ ಮೃತಸಂಜೀವಿನಿಯು ಇದಕ್ಕೆ ಬರೆದ ವ್ಯಾಖ್ಯಾನಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವಂಥದು. ಕೊನೆಯ ಅಧ್ಯಾಯದಲ್ಲಿ ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಲೆಕ್ಕಾಚಾರಗಳು ಬರುತ್ತವೆ. ನಿರ್ದಿಷ್ಟ ಸಂಖ್ಯೆಯ ಅಕ್ಷರಗಳಲ್ಲಿ ಗುರು ಲಘುಗಳನ್ನು ಎಷ್ಟು ವಿಧವಾಗಿ ಜೋಡಿಸಬಹುದು ಎಂಬುದು ಇವುಗಳ ವಿಷಯ.

ಈ ಸಂದರ್ಭದಲ್ಲಿ ಹಲಾಯುಧನು ವಿವರಿಸಿರುವ ಮೇರುಪ್ರಸ್ತಾರವು ಗಣಿತದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಮೇಲೆ ಒಂದು ಚೌಕ, ಅದರ ಕೆಳಗೆ ಎರಡು, ಮುಂದೆ ಮೂರು ಎಂಬಂತೆ ಚೌಕಗಳನ್ನು ಬರೆಯಬೇಕು. ಮೊದಲ ಚೌಕದಲ್ಲಿಯೂ ಪ್ರತಿ ಸಾಲಿನ ಎರಡು ತುದಿಗಳಲ್ಲಿಯೂ 1 ಎಂದು ಬರೆದು, ನಡುವಿನ ಚೌಕಗಳಲ್ಲಿ ಮೇಲಿನ ಎರಡು ಚೌಕಗಳ ಅಂಕಿಗಳ ಮೊತ್ತವನ್ನು ತುಂಬಬೇಕು. ಆಗ ಮೂರು ಅಕ್ಷರಗಳಿಗೆ 1, 3, 3, 1 ಎಂಬ ಸಾಲು ದೊರೆಯುತ್ತದೆ. ಮೂರೂ ಗುರುಗಳಿರುವ ಗಣ 1, ಎರಡು ಗುರುಗಳಿರುವ ಗಣಗಳು 3, ಒಂದೇ ಗುರುವಿರುವ ಗಣಗಳು 3, ಗುರುವೇ ಇಲ್ಲದ ಗಣ 1 ಎಂದು ಇದರ ಅರ್ಥ. ಇವುಗಳ ಮೊತ್ತ 8. ಕನ್ನಡ ಛಂದಸ್ಸಿನ ವಿದ್ಯಾರ್ಥಿಗಳು ಯಮಾತಾರಾಜಭಾನಸಲಗಂ ಎಂಬ ಸೂತ್ರದಿಂದ ನೆನಪಿಟ್ಟುಕೊಳ್ಳುವ ಎಂಟು ಅಕ್ಷರಗಣಗಳೇ ಇವು. ನಾಲ್ಕು ಅಕ್ಷರಗಳಿಗೆ 1, 4, 6, 4, 1 ಎಂಬ ಸಾಲು ಬಂದು ಒಟ್ಟು 16 ವಿಧಗಳಾಗುತ್ತವೆ. ಇದೇ ಅಂಕಿಗಳ ಜೋಡಣೆಯು ಮುಂದೆ ಯೂರೋಪಿನಲ್ಲಿ 1665ರಲ್ಲಿ ಪ್ರಕಟವಾದ ಬ್ಲೇಸ್ ಪ್ಯಾಸ್ಕಲನ ಗ್ರಂಥದಿಂದಾಗಿ ಪ್ಯಾಸ್ಕಲ್ ತ್ರಿಕೋನವೆಂದು ಹೆಸರಾಯಿತು.

ಕನ್ನಡದೊಂದಿಗೆ ಸಂಬಂಧ

ಹಲಾಯುಧನ ಬಳಿಕ ಕೆಲವೇ ದಶಕಗಳಲ್ಲಿ ಕನ್ನಡದಲ್ಲಿಯೂ ಕೋಶಗಳು ಹುಟ್ಟಿಕೊಂಡವು. ಚಾಲುಕ್ಯರ ಆಸ್ಥಾನಕವಿ ರನ್ನನು ಬರೆದನೆಂದು ಹೇಳಲಾಗುವ ರನ್ನಕಂದವು ಕನ್ನಡದ ಮೊದಲ ನಿಘಂಟು ಎಂದು ಪರಿಗಣಿತವಾಗಿದೆ. ಇದರ ಕೆಲವು ಕಂದಪದ್ಯಗಳಷ್ಟೇ ಉಳಿದಿವೆ. ಅನಂತರ ಎರಡನೆಯ ನಾಗವರ್ಮನು ಅಭಿಧಾನವಸ್ತುಕೋಶವನ್ನು ರಚಿಸಿದನು. ಸುಮಾರು 8000 ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಈ ಕೋಶಕ್ಕೆ ವರರುಚಿ, ಶಾಶ್ವತ, ಅಮರಸಿಂಹ ಮೊದಲಾದವರ ಜೊತೆಗೆ ಹಲಾಯುಧನೂ ಆಧಾರ.

ಅಭಿಧಾನರತ್ನಮಾಲೆಗೆ ನಾಗವರ್ಮನ ಹೆಸರಿನಲ್ಲಿ ದೊರೆತಿರುವ ಕನ್ನಡ ಟೀಕೆಯು ಸಂಸ್ಕೃತ ಪದಗಳ ಗುಂಪುಗಳಿಗೆ ಕನ್ನಡ ಪದಗಳಿಂದ ಅರ್ಥ ಹೇಳುತ್ತದೆ. ಇಂತಹ ಟೀಕೆಗಳು ಮೂಲತಃ ಸಂಸ್ಕೃತವನ್ನು ಕಲಿಯುವ ಕನ್ನಡಿಗರಿಗಾಗಿ ಹುಟ್ಟಿದವು. ಕಾಲಕ್ರಮದಲ್ಲಿ ಅವುಗಳ ಬೆಲೆ ಇನ್ನೊಂದು ಬಗೆಯಲ್ಲಿ ಹೆಚ್ಚಿತು. ಬಳಕೆಯಿಂದ ಮರೆಯಾದ ಹಳಗನ್ನಡ ಪದವೊಂದು ಟೀಕೆಯಲ್ಲಿದ್ದರೆ, ಅದರ ಪಕ್ಕದಲ್ಲಿರುವ ಪರಿಚಿತ ಸಂಸ್ಕೃತ ಪದದಿಂದ ಅದರ ಅರ್ಥವನ್ನು ನಿರ್ಧರಿಸಬಹುದು. ಸಂಸ್ಕೃತವನ್ನು ಕನ್ನಡದಿಂದ ತಿಳಿಸಲು ಬರೆದ ಗ್ರಂಥವು ಇಂದು ಹಳಗನ್ನಡವನ್ನು ಸಂಸ್ಕೃತದಿಂದ ತಿಳಿಯಲು ನೆರವಾಗುತ್ತದೆ. ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ–ಇಂಗ್ಲಿಷ್ ನಿಘಂಟುವಿನ ಆಕರಗಳಲ್ಲಿ ಹಲಾಯುಧನ ಕೋಶವೂ ಸೇರಿದೆ.

ಪ್ರಭಾವ ಮತ್ತು ಪ್ರಕಟಣೆಗಳು

ಕಾಳಿದಾಸಾದಿಗಳ ಕಾವ್ಯಗಳಿಗೆ ವ್ಯಾಖ್ಯಾನ ಬರೆದ ಕೋಲಾಚಲ ಮಲ್ಲಿನಾಥನು ಪದಗಳ ಅರ್ಥವನ್ನು ಸಮರ್ಥಿಸುವಾಗ ಅಮರ, ವಿಶ್ವ ಮೊದಲಾದ ಕೋಶಗಳೊಂದಿಗೆ ಹಲಾಯುಧನನ್ನೂ ಉಲ್ಲೇಖಿಸುತ್ತಾನೆ. ಅಮರಕೋಶದಷ್ಟು ವ್ಯಾಪಕ ಪ್ರಚಾರ ಅಭಿಧಾನರತ್ನಮಾಲೆಗೆ ದೊರೆಯದಿದ್ದರೂ ವಿದ್ವಾಂಸರಲ್ಲಿ ಅದರ ಪ್ರಾಮಾಣ್ಯ ಉಳಿದುಬಂದಿತು.

ಮುದ್ರಣದ ಕಾಲದಲ್ಲಿ ಜರ್ಮನ್ ವಿದ್ವಾಂಸ ಥಿಯೊಡೋರ್ ಔಫ್ರೆಕ್ಟ್ ಅಭಿಧಾನರತ್ನಮಾಲೆಯನ್ನು ಸಂಪಾದಿಸಿ, ಸಂಸ್ಕೃತ–ಇಂಗ್ಲಿಷ್ ಪದಕೋಶದೊಂದಿಗೆ 1861ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದನು. ಪಿಂಗಲಸೂತ್ರವು ಮೃತಸಂಜೀವಿನಿಯೊಂದಿಗೆ 1870ರ ದಶಕದಲ್ಲಿ ಕಲ್ಕತ್ತೆಯ ಬಿಬ್ಲಿಯೋಥಿಕಾ ಇಂಡಿಕಾ ಮಾಲೆಯಲ್ಲಿ ಬೆಳಕಿಗೆ ಬಂದಿತು. ಕವಿರಹಸ್ಯದ ಎರಡೂ ಪಾಠಗಳನ್ನು ಲುಡ್ವಿಗ್ ಹೆಲ್ಲರ್ 1900ರಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ಪ್ರಕಟಿಸಿದನು. ನಾಗವರ್ಮನ ಕನ್ನಡ ಟೀಕೆಯೊಂದಿಗೆ ಕೂಡಿದ ಅಭಿಧಾನರತ್ನಮಾಲೆಯನ್ನು ಮದರಾಸು ವಿಶ್ವವಿದ್ಯಾಲಯವು ತನ್ನ ಕನ್ನಡ ಗ್ರಂಥಮಾಲೆಯಲ್ಲಿ ಪ್ರಕಟಿಸಿತು.